ಕುಡಿಯದವಳು ಕಂಡ ವಿಸ್ಕಿ ದ್ವೀಪ

ಇಂಗ್ಲಿಷ್ ಅಕ್ಷರ ನೋಡಿದರೆ 'ಇಸ್ಲೇ' ಅಂತ ಓದಬೇಕು ಅನಿಸುತ್ತೆ. ಅಲ್ಲಿನವರ ಬಾಯಲ್ಲಿ ಅದು 'ಐಲಾ'. ಸ್ಕಾಟ್ಲೆಂಡ್‌ನ ಪಶ್ಚಿಮ ಕಡಲಲ್ಲಿರೋ ಒಂದು ದ್ವೀಪ. ವಿಸ್ತೀರ್ಣ ಸುಮಾರು 620 ಚದರ ಕಿ.ಮೀ. ಅಂದರೆ ನಮ್ಮ ಕೊಪ್ಪಳ ಜಿಲ್ಲೆಯನ್ನು ಒಂಬತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಜನ ಮೂರು ಸಾವಿರ ಚಿಲ್ಲರೆ. ಯಲಬುರ್ಗಾ ಕಡೆ ಒಂದು ದೊಡ್ಡ ಹಳ್ಳಿಯಲ್ಲೇ ಅದಕ್ಕಿಂತ ಹೆಚ್ಚು ಮಂದಿ ಇರ್ತಾರೆ. ಇಷ್ಟು ಚಿಕ್ಕ ಜಾಗದಲ್ಲಿ ವಿಸ್ಕಿ ತಯಾರಿಸುವ ಡಿಸ್ಟಿಲರಿಗಳು ಹತ್ತಕ್ಕೆ ಕಮ್ಮಿ ಇಲ್ಲ!

ನಾನು ಯಲಬುರ್ಗಾ ತಾಲ್ಲೂಕಿನವಳು. ಓದಿದ್ದು ಗಂಗಾವತಿಯಲ್ಲಿ ಹಾಸ್ಟೆಲ್‌ನಲ್ಲಿದ್ದು. ಈಗ ಕೆಲಸ ಗ್ಲಾಸ್ಗೋದಲ್ಲಿ. ಆಫೀಸಿನ ಮೂವರು ಗೆಳೆಯರು ಐಲಾಕ್ಕೆ ಹೊರಟಾಗ ನನ್ನನ್ನೂ ಕರೆದರು. ಕಾರಣ ಸರಳ: ನಾನು ಕುಡಿಯಲ್ಲ, ಲೈಸೆನ್ಸ್ ಇದೆ. ಮೂರು ದಿನ ಕಾರು ಓಡಿಸೋಕೆ ಇದಕ್ಕಿಂತ ಒಳ್ಳೆಯ ಅರ್ಹತೆ ಬೇಕಾ?

ಕುಡಿಯದವರಿಗೆ ವಿಸ್ಕಿ ದ್ವೀಪದಲ್ಲಿ ಏನು ಕೆಲಸ ಅಂತ ನಿಮಗೂ ಅನಿಸಬಹುದು. ಹೋಗೋ ಮುಂಚೆ ನನಗೂ ಅನಿಸಿತ್ತು.

ಹಡಗಿನಿಂದಲೇ ಓದಬಹುದಾದ ಊರುಗಳು

ಗ್ಲಾಸ್ಗೋ ಬಿಟ್ಟು ಲಾಕ್ ಲೋಮಂಡ್ ಸರೋವರದ ದಂಡೆ ಹಿಡಿದರೆ, ಇನ್ವರೇರಿ, ಟಾರ್ಬರ್ಟ್ ದಾಟಿ ಕೆನ್ನಕ್ರೇಗ್ ಅನ್ನೋ ಪುಟ್ಟ ಹಡಗುಕಟ್ಟೆ ಸಿಗುತ್ತೆ. ಕಾರನ್ನು ಹಡಗಿನ ಹೊಟ್ಟೆಯೊಳಗೆ ನಿಲ್ಲಿಸಿ ನಾವು ಮೇಲೆ ಹೋಗಿ ಕೂತೆವು. ಪೋರ್ಟ್ ಎಲೆನ್‌ಗೆ ಸುಮಾರು ಎರಡೂಕಾಲು ತಾಸು. ತುಂಗಭದ್ರೆಯ ಹರಿಗೋಲಿನಲ್ಲಿ ಕೂತೇ ಕಣ್ಣು ಮುಚ್ಚಿಕೊಳ್ಳುವ ನನಗೆ ಆ ಎರಡೂಕಾಲು ತಾಸು ಬಲು ದೊಡ್ಡದು.

ದ್ವೀಪ ಹತ್ತಿರ ಬರ್ತಿದ್ದಂತೆ ದಂಡೆಯ ಮೇಲೆ ಸುಣ್ಣ ಬಳಿದ ಬಿಳಿ ಕಟ್ಟಡಗಳು. ಕಡಲಿನ ಕಡೆ ಮುಖ ಮಾಡಿದ ಗೋಡೆಗಳ ಮೇಲೆ ಆಳೆತ್ತರದ ಕಪ್ಪು ಅಕ್ಷರಗಳು: ಆರ್ಡ್‌ಬೆಗ್, ಲಾಗವೂಲಿನ್, ಲಾಫ್ರೋಯ್ಗ್. ಹಡಗಿನವರಿಗೆ ಕಾಣಲಿ ಅಂತ ಹಾಗೆ ಬರೆದಿರೋದು. ಹಿಂದೆ ಬಾರ್ಲಿ, ಕಲ್ಲಿದ್ದಲು, ಖಾಲಿ ಪೀಪಾಯಿ ಬರ್ತಿದ್ದದ್ದೂ, ತುಂಬಿದ ಪೀಪಾಯಿ ಹೋಗ್ತಿದ್ದದ್ದೂ ಕಡಲ ದಾರಿಯಲ್ಲೇ.

ಇಳಿದು ಕಾರು ಓಡಿಸಲು ಶುರು ಮಾಡಿದ ಹತ್ತು ನಿಮಿಷದಲ್ಲಿ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಎದುರು ಬಂದ ಪ್ರತಿ ಗಾಡಿಯವರೂ ಕೈ ಎತ್ತುತ್ತಾರೆ. ಗುರುತು ಪರಿಚಯ ಏನೂ ಬೇಕಿಲ್ಲ. ಇದಕ್ಕೆ 'ಐಲಾ ವೇವ್' ಅಂತಲೇ ಹೆಸರು. ನಮ್ಮೂರಿನ ದಾರಿಯಲ್ಲಿ ಟ್ರ್ಯಾಕ್ಟರಿನವರು "ಏನ್ರೀ, ಆರಾಮದೀರಿ?" ಅಂತ ಕೇಳಿಕೊಂಡೇ ಮುಂದೆ ಹೋಗ್ತಾರಲ್ಲ, ಹಾಗೇ.

ಮೊಳಕೆ, ಹೊಗೆ ಮತ್ತು ಸೀತನಿ

ಮೊದಲು ಹೋಗಿದ್ದು ಲಾಫ್ರೋಯ್ಗ್‌ಗೆ. 1815ರಲ್ಲಿ ಜಾನ್‌ಸ್ಟನ್ ಸಹೋದರರು ಶುರು ಮಾಡಿದ್ದು. ಒಳಗೆ ಹೋದರೆ ದೊಡ್ಡದೊಂದು ಹಾಲ್, ನೆಲದ ತುಂಬ ಹರವಿದ ಬಾರ್ಲಿ. ನೆನೆಸಿ, ನೀರು ಬಸಿದು, ಮೊಳಕೆ ಬರಲಿ ಅಂತ ಹರಡಿದ್ದಾರೆ. ಸುಮಾರು ಒಂದು ವಾರ ಅದನ್ನು ಹೊರಳಿಸ್ತಾ ಇರಬೇಕು. ಇಲ್ಲದಿದ್ದರೆ ಬೇರು ಹೆಣೆದುಕೊಂಡು, ಕಾವು ಏರಿ, ಕಾಳು ಕೆಡುತ್ತೆ. ಹಿಂದಿನ ಕಾಲದಲ್ಲಿ ಮರದ ಸಲಿಕೆಯಿಂದ ದಿನವಿಡೀ ಹೊರಳಿಸಿ ಹೊರಳಿಸಿ ಕೆಲಸಗಾರರ ಒಂದು ಭುಜ ಜೋತುಬೀಳ್ತಿತ್ತಂತೆ. ಅದಕ್ಕೆ 'ಮಂಕಿ ಶೋಲ್ಡರ್' ಅಂತ ಹೆಸರೇ ಬಿದ್ದಿದೆ.

ಈಗ ಬಹುತೇಕ ಡಿಸ್ಟಿಲರಿಗಳು ಮಾಲ್ಟನ್ನು ದೊಡ್ಡ ಕಾರ್ಖಾನೆಗಳಿಂದ ತರಿಸಿಕೊಳ್ತವೆ. ಲಾಫ್ರೋಯ್ಗ್ ಕೂಡ ತನಗೆ ಬೇಕಾದದ್ದರಲ್ಲಿ ಒಂದು ಪಾಲನ್ನು ಮಾತ್ರ ಹೀಗೆ ನೆಲದ ಮೇಲೆ ಮಾಡುತ್ತೆ. ಮಾಲ್ಟ್ ಅಂದರೆ ಬೇರೇನಲ್ಲ, ಮೊಳಕೆ ಬರಿಸಿ ಒಣಗಿಸಿದ ಕಾಳು. ಅವ್ವ ಮಡಕಿಕಾಳನ್ನು ಬಟ್ಟೆಯಲ್ಲಿ ಕಟ್ಟಿಡುತ್ತಾಳಲ್ಲ, ಹಾರ್ಲಿಕ್ಸ್ ಡಬ್ಬಿಯ ಮೇಲೆ ಬರೆದಿರುತ್ತಲ್ಲ, ಎರಡೂ ಇದೇ ನೆಂಟಸ್ತಿಕೆ. ಮೊಳಕೆ ಒಡೆದಾಗ ಕಾಳಿನೊಳಗಿನ ಪಿಷ್ಟ ಸಕ್ಕರೆಯಾಗಲು ತಯಾರಾಗುತ್ತೆ. ಆ ಸಕ್ಕರೆಯನ್ನೇ ಮುಂದೆ ಯೀಸ್ಟ್ ತಿಂದು ಮದ್ಯಸಾರ ಮಾಡೋದು.

ಮೊಳಕೆಯನ್ನು ಸರಿಯಾದ ಹೊತ್ತಿಗೆ ನಿಲ್ಲಿಸಬೇಕು. ಅದಕ್ಕೆ ಒಲೆ. ಐಲಾದ ಗುಟ್ಟು ಇರೋದು ಇಲ್ಲೇ. ಆ ಒಲೆಗೆ ಹಾಕೋದು 'ಪೀಟ್'. ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಬರೆ ಕೊಳೆತ ಪಾಚಿ, ಹುಲ್ಲು, ಬೇರುಗಳ ಕಪ್ಪು ಮಣ್ಣು ಅದು. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ ಬೆಳೆಯುತ್ತೆ. ಅದನ್ನು ಇಟ್ಟಿಗೆಯ ಹಾಗೆ ಕೊಯ್ದು ಬಯಲಲ್ಲಿ ಒಣಗಿಸ್ತಾರೆ. ದೂರದಿಂದ ನೋಡಿದರೆ ನಮ್ಮ ಹಿತ್ತಲಲ್ಲಿ ಕುಳ್ಳು ಒಟ್ಟಿದ ಹಾಗೇ ಕಾಣುತ್ತೆ!

ಒಲೆಯ ಬಾಗಿಲು ತೆಗೆದಾಗ ಹೊಗೆ ಮುಖಕ್ಕೆ ಬಡೀತು. ಗೆಳೆಯರಲ್ಲಿ ಒಬ್ಬಳು "ಆಸ್ಪತ್ರೆ ವಾಸನೆ" ಅಂದಳು. ಇನ್ನೊಬ್ಬ "ಸಮುದ್ರದ ಪಾಚಿ" ಅಂದ. ನನಗೆ ಮಾತ್ರ ಸೀತನಿ ನೆನಪಾಯ್ತು. ಜನವರಿ ಹೊತ್ತಿಗೆ ಹೊಲದಲ್ಲಿ ಹಾಲುಗಾಳಿನ ಬಿಳಿಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸಿ, ಬೆಲ್ಲದ ಜತೆ, ಶೇಂಗಾ ಚಟ್ನಿಯ ಜತೆ ತಿನ್ನೋದು. ಅಲ್ಲೂ ಹೊಗೆ ಕಾಳಿನೊಳಗೆ ಇಳಿದಿರುತ್ತೆ. ನೆಲದಲ್ಲಿ ಸಿಕ್ಕ ಉರುವಲೇ ತಿಂಡಿಯ ರುಚಿಯೂ ಆಗೋದು ಐಲಾದಲ್ಲಿ ಮಾತ್ರ ಅಲ್ಲ.

"ಸೆರೆ ಮಾಡೂದನ್ನ ನೋಡಾಕ ಟಿಕೆಟ್ ಐತೇನವಾ?"

ಸಂಜೆ ಅವ್ವನಿಗೆ ಫೋನ್ ಮಾಡಿದೆ. ಎಲ್ಲಿದ್ದೀನಿ ಅಂತ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು, "ಸೆರೆ ಮಾಡೂದನ್ನ ನೋಡಾಕ ಟಿಕೆಟ್ ಐತೇನವಾ? ರೊಕ್ಕ ಕೊಟ್ಟು ನೋಡ್ತಾರೇನು?"

ಅವಳ ಪ್ರಶ್ನೆಯಲ್ಲಿ ತಮಾಷೆ ಇರಲಿಲ್ಲ. ನಮ್ಮ ಕಾಕಾ ಸತ್ತಿದ್ದು ಸರಾಯಿಯಿಂದ. ಕೂಲಿ ಮುಗಿಸಿ ಬರುವಾಗ ದಾರಿಯಲ್ಲೇ ಪಾಕೀಟು. ಮನೆಗೆ ಬರೋ ಹೊತ್ತಿಗೆ ಜೇಬೂ ಖಾಲಿ, ಆಳೂ ಖಾಲಿ. ಮೂವತ್ತೆಂಟಕ್ಕೆ ಹೋಗಿಬಿಟ್ಟ. ಕುಷ್ಟಗಿಯಿಂದ ಬಂದಿದ್ದ ನಮ್ಮ ಚಿಗವ್ವ ಎರಡು ಮಕ್ಕಳನ್ನು ಕಟ್ಟಿಕೊಂಡು ಕಳೆ ತೆಗೆದು, ಹತ್ತಿ ಬಿಡಿಸಿ ಸಂಸಾರ ನಡೆಸಿದಳು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸರಾಯಿ ಬಂದ್ ಆಯ್ತು. ಅಷ್ಟೊತ್ತಿಗೆ ಕಾಕಾ ಹೋಗಿ ಎರಡು ವರ್ಷ. "ಎರಡ ವರ್ಷ ಮದಲ ಮಾಡಿದ್ರ ಏನಾಗ್ತಿತ್ತು?" ಅಂತ ಚಿಗವ್ವ ಅಂದಿದ್ದು ನನಗೆ ಇವತ್ತಿಗೂ ಕೇಳುತ್ತೆ.

ಸರಾಯಿ ಹೋಯಿತು, ಅಗ್ಗದ ವಿಸ್ಕಿ ಬಂತು. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಅಂತ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಕೊಂಡೇ ಹೋಗಿದ್ದು ನಿಮಗೂ ನೆನಪಿರಬಹುದು. ನಾನು ಕುಡಿಯದೇ ಇರೋದಕ್ಕೆ ಕಾರಣ ದೇವರು, ವ್ರತ ಯಾವುದೂ ಅಲ್ಲ. ನಮ್ಮ ಕಾಕಾ ಮತ್ತು ಚಿಗವ್ವ.

ಇಂಥ ಮನೆಯಿಂದ ಬಂದವಳಿಗೆ ಡಿಸ್ಟಿಲರಿಯ ಬಾಗಿಲಲ್ಲಿ ಮಕ್ಕಳನ್ನು ಕರೆದುಕೊಂಡು ಬಂದ ಸಂಸಾರಗಳನ್ನು ನೋಡಿದಾಗ ಹೊಟ್ಟೆಯಲ್ಲಿ ಏನೋ ಕಸಿವಿಸಿ. ನಮ್ಮಲ್ಲಿ ಮನೆ ಖಾಲಿ ಮಾಡಿದ ವಸ್ತು ಇಲ್ಲಿ ಊರನ್ನೇ ಸಾಕುತ್ತಿದೆ. ಇದು ಹೇಗೆ?

ಮೂರು ತಿಂಗಳಿಗೆ ಬಂದ ಟೈಪಿಸ್ಟ್

ಲಾಫ್ರೋಯ್ಗ್‌ನಲ್ಲಿ ನನಗೆ ಹಿಡಿಸಿದ್ದು ಬೆಸ್ಸಿ ವಿಲಿಯಮ್ಸನ್ ಕಥೆ. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿದ ಹುಡುಗಿ. 1934ರಲ್ಲಿ ಬೇಸಿಗೆಯ ಕೆಲಸಕ್ಕೆ ಟೈಪಿಸ್ಟ್ ಆಗಿ ಬಂದಳು, ವಾಪಸ್ ಹೋಗಲೇ ಇಲ್ಲ. ಮಾಲೀಕ ಇಯಾನ್ ಹಂಟರ್‌ಗೆ 1938ರಲ್ಲಿ ಲಕ್ವ ಹೊಡೆದ ಮೇಲೆ ಹೆಚ್ಚೆಚ್ಚು ಜವಾಬ್ದಾರಿ ಅವಳ ಹೆಗಲಿಗೆ ಬಂತು. ಎರಡನೇ ಮಹಾಯುದ್ಧದಲ್ಲಿ ಸೇನೆಯವರು ಡಿಸ್ಟಿಲರಿಯನ್ನು ಬಳಸಿಕೊಂಡಾಗಲೂ ಅದನ್ನು ಕಾಪಾಡಿಕೊಂಡಳು. ಮಕ್ಕಳಿಲ್ಲದ ಹಂಟರ್ 1954ರಲ್ಲಿ ತೀರಿಕೊಂಡಾಗ ಡಿಸ್ಟಿಲರಿಯನ್ನು ಅವಳಿಗೇ ಬಿಟ್ಟುಹೋದ. 1972ರವರೆಗೆ ಅವಳು ಅಲ್ಲೇ ದುಡಿದಳು.

ಮೂರು ತಿಂಗಳ ಕಾಂಟ್ರ್ಯಾಕ್ಟ್ ಮೇಲೆ ಗ್ಲಾಸ್ಗೋಗೆ ಬಂದು ಐದು ವರ್ಷದಿಂದ ಉಳಿದಿರುವ ನನಗೆ ಆ ಫೋಟೋ ಮುಂದೆ ನಿಂತಾಗ ಸ್ವಲ್ಪ ನಗು ಬಂತು. ಡಿಸ್ಟಿಲರಿ ಬಿಟ್ಟುಹೋಗುವವರು ಮಾತ್ರ ಯಾರೂ ಸಿಕ್ಕಿಲ್ಲ!

ದೇವತೆಗಳ ಪಾಲು

ಗೋದಾಮಿನಲ್ಲಿ ಕತ್ತಲೆ, ತಂಪು, ಕಡಲಿನ ತೇವ. ಸಾಲುಸಾಲಾಗಿ ಓಕ್ ಮರದ ಪೀಪಾಯಿಗಳು. ಹೆಚ್ಚಿನವು ಅಮೆರಿಕದಿಂದ ಬಂದವು. ಅಲ್ಲಿನ ಬರ್ಬನ್ ವಿಸ್ಕಿಗೆ ಪ್ರತಿ ಸಲ ಹೊಸ ಪೀಪಾಯಿಯೇ ಬೇಕು ಅಂತ ಕಾನೂನು, ಹಾಗಾಗಿ ಒಮ್ಮೆ ಬಳಸಿದ್ದು ಇಲ್ಲಿಗೆ ಬರುತ್ತೆ. 'ಸ್ಕಾಚ್' ಅಂತ ಕರೆಸಿಕೊಳ್ಳೋಕೆ ಸ್ಕಾಟ್ಲೆಂಡ್‌ನಲ್ಲೇ, ಓಕ್ ಪೀಪಾಯಿಯಲ್ಲಿ, ಕನಿಷ್ಠ ಮೂರು ವರ್ಷ ಇರಬೇಕು. ಹತ್ತು, ಹನ್ನೆರಡು, ಹದಿನಾರು ವರ್ಷ ಇಡೋದು ಮಾಮೂಲು. ಇವತ್ತು ತುಂಬಿಸಿದವನೇ ಅದನ್ನು ತೆಗೆಯುವ ದಿನ ಅಲ್ಲಿರ್ತಾನೆ ಅಂತ ಹೇಳೋಕೆ ಬರಲ್ಲ.

ಮರದ ಸಂದಿನಿಂದ ವರ್ಷಕ್ಕೆ ನೂರಕ್ಕೆ ಎರಡು ಪಾಲು ಆವಿಯಾಗಿ ಹೋಗುತ್ತೆ. ಅದನ್ನು 'ದೇವತೆಗಳ ಪಾಲು' ಅಂತ ಕರೀತಾರೆ. ಬೆಂಗಳೂರಿನಲ್ಲಿ ಈ ದೇವತೆಗಳಿಗೆ ದಾಹ ಜಾಸ್ತಿ. ಮೈಸೂರು ರಸ್ತೆಯ ಕಂಬೀಪುರದಲ್ಲಿರುವ ಅಮೃತ್ ಡಿಸ್ಟಿಲರಿಯಲ್ಲಿ ನಷ್ಟ ವರ್ಷಕ್ಕೆ ನೂರಕ್ಕೆ ಹತ್ತರಿಂದ ಹನ್ನೆರಡು. ಬಿಸಿಲಿಗೆ ಬೇಗ ಪಕ್ವವಾಗುತ್ತೆ, ಬೇಗ ಕರಗಿಯೂ ಹೋಗುತ್ತೆ. ಎಂಟು ವರ್ಷ ಇಟ್ಟು ಉಳಿಸಿಕೊಂಡ ಒಂದು ವಿಸ್ಕಿಗೆ ಅವರು ಇಟ್ಟ ಹೆಸರೇ 'ಗ್ರೀಡಿ ಏಂಜೆಲ್ಸ್', ಅಂದರೆ ದುರಾಸೆಯ ದೇವತೆಗಳು.

1948ರಲ್ಲಿ ಶುರುವಾದ ಆ ಕಂಪನಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, 2004ರಲ್ಲಿ, ನಾನೀಗ ಇರೋ ಗ್ಲಾಸ್ಗೋದಲ್ಲಿ! ಸ್ಕಾಚ್‌ನ ಮನೆಯಂಗಳದಲ್ಲೇ ಹೋಗಿ ನಿಂತರು. ಆಮೇಲೆ ಬಂದ 'ಫ್ಯೂಷನ್'ನಲ್ಲಿ ನಮ್ಮ ದೇಶದ ಬಾರ್ಲಿಯ ಜತೆ ಸ್ಕಾಟ್ಲೆಂಡ್‌ನ ಪೀಟ್ ಹೊಗೆಯ ಬಾರ್ಲಿಯೂ ಇದೆ. 2010ರ ಆವೃತ್ತಿಯ ತನ್ನ 'ವಿಸ್ಕಿ ಬೈಬಲ್'ನಲ್ಲಿ ಜಿಮ್ ಮರ್ರಿ ಅದಕ್ಕೆ ಜಗತ್ತಿನಲ್ಲೇ ಮೂರನೇ ಸ್ಥಾನ ಕೊಟ್ಟ. ವಿಸ್ಕಿ ಅನ್ನೋ ಪದ ಬಂದಿದ್ದು ಗೇಲಿಕ್ ಭಾಷೆಯ 'ಉಷ್ಗೆ ಬಾಹಾ'ದಿಂದ. ಅರ್ಥ, ಜೀವಜಲ. ಬೆಂಗಳೂರಿನವರು ಇಟ್ಟ ಹೆಸರೂ ಅಮೃತ.

ಆದರೆ ಕಾಕಾ ಕುಡಿದಿದ್ದು ಇದ್ಯಾವುದನ್ನೂ ಅಲ್ಲ. ಅದಕ್ಕೆ ಬಾರ್ಲಿ ಇರಲಿಲ್ಲ, ಪೀಪಾಯಿ ಇರಲಿಲ್ಲ, ಕಾಯುವುದಂತೂ ಇರಲೇ ಇಲ್ಲ. ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತೆಗೆದ ಸ್ಪಿರಿಟ್‌ಗೆ ನೀರು ಬೆರೆಸಿ ಪ್ಲಾಸ್ಟಿಕ್ ಪಾಕೀಟಿನಲ್ಲಿ ತುಂಬಿದ್ದು. ದುಡಿದು ದಣಿದವನ ಜೇಬು ನೋಡಿಕೊಂಡೇ ಮಾಡಿದ ಸರಕು ಅದು.

ಚೀಲದ ಮೇಲೆ ಯಾರ ಹೆಸರು?

ಎರಡನೇ ದಿನ ದ್ವೀಪದ ಆಚೆ ಬದಿಯ ಬ್ರೂಕ್‌ಲಾಡಿಗೆ ಹೋದೆವು. 1881ರದ್ದು. 1994ರಲ್ಲಿ ಮುಚ್ಚಿ, 2001ರಲ್ಲಿ ಮತ್ತೆ ತೆರೆಯಿತು. ಹೊಸದಾಗಿ ತೆರೆದವರು ದ್ವೀಪದ ರೈತರಿಗೆ ಬಾರ್ಲಿ ಬೆಳೀರಿ ಅಂದರು. ಈಗ ಕೆಲವು ಬಾಟಲಿಗಳ ಮೇಲೆ ಯಾವ ಹೊಲದ ಬಾರ್ಲಿ, ಯಾವ ವರ್ಷದ ಸುಗ್ಗಿ ಅಂತ ಬರೆದಿರುತ್ತೆ. ಹತ್ತಿರದ ಕಿಲ್‌ಹೋಮನ್, 2005ರಲ್ಲಿ ಶುರುವಾದದ್ದು, ತನ್ನದೇ ಹೊಲದ ಪಕ್ಕದಲ್ಲಿದೆ.

ನಾನು ಓದಿದ ಗಂಗಾವತಿಯನ್ನು ಭತ್ತದ ಕಣಜ ಅಂತೀವಿ. ಸೋನಾ ಮಸೂರಿ ಇಲ್ಲಿಂದ ಎಲ್ಲೆಲ್ಲಿಗೋ ಹೋಗುತ್ತೆ. ಗ್ಲಾಸ್ಗೋದ ಇಂಡಿಯನ್ ಅಂಗಡಿಯಲ್ಲೂ ನಾನು ತರೋದು ಅದನ್ನೇ. ಚೀಲದ ಮೇಲೆ ಬ್ರ್ಯಾಂಡ್‌ನ ಹೆಸರು ಇಷ್ಟು ದಪ್ಪ. ಯಾವ ಊರಿನ ಗದ್ದೆ, ಯಾವ ಕಾಲುವೆಯ ನೀರು ಅನ್ನೋದು ಇಲ್ಲ. ಕೊಪ್ಪಳದ ಪಕ್ಕದ ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ, ನಿಜ. ಆದರೆ ನಮ್ಮ ಆಫೀಸುಗಳಲ್ಲಿ ಎಷ್ಟು ಜನರ ಟೇಬಲ್ ಮೇಲೆ ಕಿನ್ನಾಳದ ಗರುಡ ಇದ್ದಾನೆ? ಐಲಾದವರು ತಮ್ಮ ಊರಿನ ಹೆಸರನ್ನು ಬಾಟಲಿಯಿಂದ ಬೇರೆಯಾಗೋಕೆ ಬಿಟ್ಟಿಲ್ಲ. ನನ್ನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದ್ದು ಅಲ್ಲಿ.

ಇನ್ನರ್ಧ ಅಷ್ಟು ಸಿಹಿಯಲ್ಲ. ಬಿಳಿ ಗೋಡೆಯ ಮೇಲಿರೋದು ಊರಿನ ಹೆಸರು, ಒಳಗಿನ ಲಾಭ ಹೋಗೋದು ಹೆಚ್ಚಾಗಿ ದೂರಕ್ಕೆ. ಲಾಫ್ರೋಯ್ಗ್, ಬೋಮೋರ್ ಜಪಾನಿನ ಸಂಟೋರಿ ಗುಂಪಿನವು. ಲಾಗವೂಲಿನ್ ಲಂಡನ್ನಿನ ಡಿಯಾಜಿಯೋದ್ದು. ಬ್ರೂಕ್‌ಲಾಡಿಯನ್ನೂ 2012ರಲ್ಲಿ ಫ್ರಾನ್ಸ್‌ನ ರೆಮಿ ಕ್ವಾಂಟ್ರೋ ಕೊಂಡಿತು. ನಾವು ಉಳಿದಿದ್ದ ಮನೆಯಾಕೆ ಹೇಳಿದ್ದು: "ಇಲ್ಲಿ ಕೆಲಸ ಸಿಗುತ್ತೆ, ಇರೋಕೆ ಮನೆ ಸಿಗಲ್ಲ." ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟರೆ ಹೆಚ್ಚು ದುಡ್ಡು, ಹಾಗಾಗಿ ಊರಿನ ಹುಡುಗರಿಗೆ ಮನೆ ಇಲ್ಲ.

ಕುಡಿತದ ಕೇಡು ಸ್ಕಾಟ್ಲೆಂಡ್‌ಗೂ ಚೆನ್ನಾಗಿ ಗೊತ್ತು. ತೀರಾ ಅಗ್ಗದ ಮದ್ಯವೇ ಹೆಚ್ಚು ಜನರನ್ನು ಕೊಲ್ಲುತ್ತೆ ಅಂತ 2018ರ ಮೇ 1ರಿಂದ ಅಲ್ಲಿ ಮದ್ಯಕ್ಕೆ ಕನಿಷ್ಠ ಬೆಲೆ ನಿಗದಿ ಮಾಡಿದರು. ಮದ್ಯಸಾರದ ಒಂದು ಯೂನಿಟ್‌ಗೆ 50 ಪೆನ್ಸ್‌ಗಿಂತ ಕಮ್ಮಿಗೆ ಮಾರುವಂತಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಅದನ್ನು 65 ಪೆನ್ಸ್‌ಗೆ ಏರಿಸಿದರು. ಐಲಾದ ಬಾಟಲಿಗಳಿಗೆ ಇದರಿಂದ ಏನೂ ಆಗಲ್ಲ, ಅವು ಮೊದಲೇ ದುಬಾರಿ. ಏಟು ಬಿದ್ದಿದ್ದು ಅಗ್ಗದ ಸರಕಿಗೆ. ವಿಸ್ಕಿಯನ್ನು ಹೆಮ್ಮೆಯಿಂದ ಮಾರೋ ದೇಶವೇ ಬಡವನ ಕೈಗೆ ಸುಲಭಕ್ಕೆ ಸಿಗೋ ಮದ್ಯಕ್ಕೆ ಹೆದರುತ್ತೆ. ನಮ್ಮ ಚಿಗವ್ವನಿಗೆ ಇದನ್ನು ಯಾರೂ ಲೆಕ್ಕ ಹಾಕಿ ತೋರಿಸಬೇಕಾಗಿಲ್ಲ.

ನಮ್ಮದೂ ಒಂದು ದ್ವೀಪ

ವಾಪಸ್ ಬರುವ ಹಡಗಿನಲ್ಲಿ ವಿರೂಪಾಪುರ ಗಡ್ಡಿಯ ಬಗ್ಗೆ ಗೆಳೆಯರಿಗೆ ಹೇಳಿದೆ. ಗಂಗಾವತಿ ತಾಲ್ಲೂಕಿನಲ್ಲಿ, ಹಂಪಿಯ ಎದುರು ದಂಡೆಗೆ, ತುಂಗಭದ್ರೆಯ ಕವಲುಗಳ ನಡುವೆ ಇರೋ ದ್ವೀಪ. ಭತ್ತದ ಗದ್ದೆ, ಬಂಡೆ, ತೆಂಗು. ದೇಶವಿದೇಶದವರು ಬಂದು ವಾರಗಟ್ಟಲೆ ಇರ್ತಿದ್ದರು. ಕೃಷಿ ಭೂಮಿಯಲ್ಲಿ ನಿಯಮ ಮೀರಿ ರೆಸಾರ್ಟ್‌ಗಳು ಎದ್ದವು. ಹಂಪಿ ವಿಶ್ವ ಪರಂಪರೆ ಪ್ರದೇಶದ ನಿರ್ವಹಣಾ ಪ್ರಾಧಿಕಾರದ ಜತೆ ವರ್ಷಗಳ ಕಾನೂನು ಸಮರ ನಡೆದು, 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೆರವಿನ ಆದೇಶ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ಆಮೇಲೆ ಪ್ರವಾಸಿಗರ ದಾರಿ ಆನೆಗೊಂದಿ, ಸಾಣಾಪುರದ ಕಡೆ ತಿರುಗಿತು.

ಎರಡು ದ್ವೀಪಗಳನ್ನು ಹೋಲಿಸೋದು ಪೂರ್ತಿ ಸರಿಯಲ್ಲ. ಆದರೆ ಐಲಾಕ್ಕೆ ಬಂದವರು ಆ ನೆಲದ ಕೆಲಸವನ್ನು ನೋಡೋಕೆ ಬರ್ತಾರೆ. ನಮ್ಮಲ್ಲಿಗೆ ಬಂದವರಿಗೆ ನಾವು ಹಾಸಿಗೆ, ಊಟ, ಸ್ಕೂಟಿ ಬಾಡಿಗೆಗೆ ಕೊಟ್ಟೆವು. ಭತ್ತ ನಾಟಿ, ಹರಿಗೋಲು ಹೆಣೆಯೋದು ಹಿಂದೆ ಕಾಣೋ ಚಿತ್ರ ಮಾತ್ರ ಆಯ್ತು. ಆನೆಗೊಂದಿಯಲ್ಲಿ ಹೆಣ್ಣುಮಕ್ಕಳು ಬಾಳೆನಾರಿನಿಂದ ಬುಟ್ಟಿ, ಚೀಲ ಹೆಣೆದು ಊರಿನ ಹೆಸರಲ್ಲಿ ಮಾರ್ತಾರೆ. ಅಂಥದ್ದು ಇನ್ನೂ ನಾಲ್ಕು ಇರಬೇಕಿತ್ತು.

ನೀವೂ ಹೋಗುವುದಾದರೆ

• ಗ್ಲಾಸ್ಗೋದಿಂದ ಕೆನ್ನಕ್ರೇಗ್‌ಗೆ ಬಸ್ಸೂ ಇದೆ. ಪುಟ್ಟ ವಿಮಾನದಲ್ಲಾದರೆ ಐಲಾಕ್ಕೆ ಮುಕ್ಕಾಲು ತಾಸು. ಕಾರು ಒಯ್ಯುವುದಾದರೆ ಹಡಗಿನ ಟಿಕೆಟ್ ಬಹಳ ಮುಂಚೆ ಮಾಡಿಸಿ. ಗಾಳಿ ಜೋರಾದರೆ ಹಡಗು ರದ್ದಾಗುತ್ತೆ, ಒಂದು ದಿನ ಕೈಯಲ್ಲಿಟ್ಟುಕೊಳ್ಳಿ.

• ಮೇ ಕೊನೆಯಲ್ಲಿ 'ಫೇಶ್ ಈಲಾ' ಉತ್ಸವ. ಸಂಗೀತ, ವಿಸ್ಕಿ, ಜನಜಾತ್ರೆ. ಆಗ ರೂಮು ಸಿಗೋದು ಕಷ್ಟ.

• ಪೋರ್ಟ್ ಎಲೆನ್‌ನಿಂದ ಲಾಫ್ರೋಯ್ಗ್, ಲಾಗವೂಲಿನ್ ಮೂಲಕ ಆರ್ಡ್‌ಬೆಗ್‌ವರೆಗೆ ಸುಮಾರು ಐದು ಕಿ.ಮೀ. ಕಾಲುದಾರಿ ಇದೆ. ಲಾಗವೂಲಿನ್ ಕೊಲ್ಲಿಯ ಪಾಳುಕೋಟೆ ನೋಡಲು ಮರೀಬೇಡಿ.

• ಬೋಮೋರ್ ಊರಿನ ದುಂಡು ಚರ್ಚ್ 1767ರದ್ದು. ದೆವ್ವ ಅಡಗಿ ಕೂರೋಕೆ ಮೂಲೆಯೇ ಇರಬಾರದು ಅಂತ ಹಾಗೆ ಕಟ್ಟಿದರಂತೆ. ಪಕ್ಕದ ಈಜುಕೊಳಕ್ಕೆ ಡಿಸ್ಟಿಲರಿಯಲ್ಲಿ ವ್ಯರ್ಥವಾಗೋ ಬಿಸಿಯಿಂದಲೇ ನೀರು ಕಾಯುತ್ತೆ.

• ಸ್ಕಾಟ್ಲೆಂಡ್‌ನಲ್ಲಿ ಕುಡಿದು ಓಡಿಸುವವರ ಮೇಲಿನ ಮಿತಿ ಇಂಗ್ಲೆಂಡ್‌ಗಿಂತ ಬಿಗಿ. ಡ್ರೈವರ್ ಆಗಿ ಹೋದವರಿಗೆ ಡಿಸ್ಟಿಲರಿಯವರು ಪುಟ್ಟ ಸೀಸೆಯಲ್ಲಿ ಹಾಕಿಕೊಡ್ತಾರೆ, 'ಡ್ರೈವರ್ಸ್ ಡ್ರಾಮ್' ಅಂತ. ನನ್ನ ಪಾಲಿನ ಸೀಸೆಗಳಿಗೆ ಗೆಳೆಯರಲ್ಲೇ ಪೈಪೋಟಿ.

• ಲಾಫ್ರೋಯ್ಗ್ ಬಾಟಲಿ ಕೊಂಡು ಹೆಸರು ನೋಂದಾಯಿಸಿದರೆ ಅಲ್ಲಿನ ಬಯಲಲ್ಲಿ ಒಂದು ಚದರ ಅಡಿ ಜಾಗ ನಿಮ್ಮ ಹೆಸರಿಗೆ. ಬಾಡಿಗೆ ಅವರೇ ಕೊಡ್ತಾರೆ, ವರ್ಷಕ್ಕೆ ಒಂದು ಪೆಗ್. ಹೋಗಿ ವಸೂಲಿ ಮಾಡಿಕೊಳ್ಳಬೇಕು ಅಷ್ಟೇ. ಹೀಗೆ ಬಾಟಲಿ ಕೊಂಡ ನಮ್ಮ ಗೆಳೆಯ ಬೂಟು ಕೆಸರಾಗಿಸಿಕೊಂಡು ತನ್ನ ಅಡಿ ಹುಡುಕಿ ಬಾವುಟ ನೆಟ್ಟು ಬಂದ. ಕಾಲುವೆಯ ಕೊನೆ ಭಾಗದ ಹೊಲಕ್ಕೆ ನೀರಿಗಾಗಿ ರಾತ್ರಿಯಿಡೀ ಕಾಯುವ ನಮ್ಮ ಮಾವನಿಗೆ ಇದನ್ನು ಹೇಳಿದರೆ, "ಅದಕ್ಕೂ ಪಹಣಿ ಐತೇನು?" ಅಂತ ಕೇಳಿದರು.

ಈ ಜನವರಿಗೆ ಆ ಮೂವರೂ ನಮ್ಮೂರಿಗೆ ಬರ್ತಿದ್ದಾರೆ. ಇಟಗಿಯ ಮಹಾದೇವ ದೇವಾಲಯ, ಕಿನ್ನಾಳ, ಆನೆಗೊಂದಿ ತೋರಿಸ್ತೀನಿ. ಒಂದು ದಿನ ಮಾತ್ರ ಹೊಲದಲ್ಲೇ, ಸೀತನಿಗೆ. ಟಿಕೆಟ್ ಇಲ್ಲ, ಗೈಡ್ ನಮ್ಮ ಚಿಗವ್ವ. ತೆನೆ ಎಷ್ಟು ಹೊತ್ತು ಸುಡಬೇಕು ಅಂತ ಅವಳಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅವ್ವನಿಗೆ ಈಗಲೇ ಒಂದೇ ಚಿಂತೆ: "ಅವರಿಗೆ ಖಾರ ನಡೀತೈತೇನವಾ?"